ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿನ ಲೆಕ್ಕ ಇಷ್ಟು ಜಟಿಲವಾಗಬೇಕೇ?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದುತ್ತಿದ್ದೇನೆ. ಬೆಣ್ಣಿಹಳ್ಳದ ಜಲಾನಯನ ಪ್ರದೇಶವನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ. ಮಾರ್ಗದರ್ಶಕರು ಸ್ವಾಟ್ ಎಂಬ ಕಂಪ್ಯೂಟರ್ ಮಾದರಿಯನ್ನು ಬಳಸಲು ಹೇಳಿದ್ದಾರೆ. ನೀರಾವರಿ ಕೆಲಸದಲ್ಲಿದ್ದು ನಿವೃತ್ತರಾದ ನಮ್ಮ ದೊಡ್ಡಪ್ಪ ಮಾತ್ರ, ತಾವೆಲ್ಲ ಸ್ಟ್ರೇಂಜ್ ಕೋಷ್ಟಕವನ್ನು ನೋಡಿಯೇ ಕೆರೆಗಳ ಲೆಕ್ಕ ಹಾಕಿದ್ದಾಗಿಯೂ ಆ ಕೆರೆಗಳು ಇಂದಿಗೂ ತುಂಬುತ್ತಿರುವುದಾಗಿಯೂ ಹೇಳುತ್ತಾರೆ. ಜಲವಿಜ್ಞಾನದ ಮಾದರಿಗಳು ಹೀಗೆ ಜಟಿಲವಾಗುತ್ತ ಹೋಗಲು ಕಾರಣವೇನು? ಜಟಿಲವಾದಷ್ಟೂ ಅವು ಹೆಚ್ಚು ನಿಜ ಹೇಳುತ್ತವೆಯೇ?
ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ದೊಡ್ಡಪ್ಪನವರು ಹೇಳಿದ ಕೋಷ್ಟಕ ನಮ್ಮ ಸೀಮೆಯದೇ. ಇಂದಿನ ಮಹಾರಾಷ್ಟ್ರ ಮತ್ತು ಕರ್ನಾಟಕದ ಗಡಿಭಾಗದಲ್ಲಿ ಬಿದ್ದ ಮಳೆಯನ್ನೂ ಹರಿದ ನೀರನ್ನೂ ತಾಳೆ ನೋಡಿ ಸ್ಟ್ರೇಂಜ್ ಎಂಬ ಎಂಜಿನಿಯರು 1892ರಲ್ಲಿ ಅದನ್ನು ಸಿದ್ಧಪಡಿಸಿದರು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಇಲ್ಲಿಯ ಎಂಜಿನಿಯರುಗಳ ಕೈಗೆ ಆ ಕೋಷ್ಟಕ ಸಹಜವಾಗಿಯೇ ಬಂದಿತು. ಜಲಾನಯನ ಪ್ರದೇಶ ಒಳ್ಳೆಯದೋ, ಸಾಧಾರಣವೋ, ಕೆಟ್ಟದೋ ಎಂದು ನಿರ್ಧರಿಸಿಕೊಂಡು, ಮಳೆ ಬೀಳುವ ಮುಂಚೆ ನೆಲ ಒಣಗಿತ್ತೋ, ಹಸಿಯಾಗಿತ್ತೋ, ತೊಯ್ದಿತ್ತೋ ಎಂದು ಗಮನಿಸಿದರೆ, ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಬರುತ್ತದೆಂಬುದು ಅದರಿಂದ ತಿಳಿಯುತ್ತದೆ. ಕೆರೆ ಕಟ್ಟುವವರಿಗೆ ಒಳ್ಳೆಯದೆನಿಸುವ ಜಲಾನಯನವೆಂದರೆ ನೀರನ್ನು ಇಂಗಿಸಿಕೊಳ್ಳದೆ ಬಿಟ್ಟುಕೊಡುವ ನೆಲ. ಅಲ್ಲಿ ಬಿತ್ತುವ ರೈತರಿಗೆ ಅದೇ ಕೆಟ್ಟ ನೆಲ. ಯಾವ ಮಾದರಿಯೇ ಆಗಲಿ, ಅದು ಯಾರ ಪ್ರಶ್ನೆಗೆ ಉತ್ತರಿಸಲು ಹುಟ್ಟಿತು ಎಂಬುದನ್ನು ಮೊದಲು ಕೇಳಿಕೊಳ್ಳಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಈ ಕಾರಣದಿಂದಲೇ.

ಮಾದರಿಗಳು ಬೆಳೆದ ದಾರಿಯನ್ನು ನೋಡಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. 1851ರಲ್ಲಿ ಐರ್ಲೆಂಡಿನ ಮುಲ್ವನಿ ಅವರು ಮಳೆಯ ತೀವ್ರತೆ, ಪ್ರದೇಶದ ವಿಸ್ತೀರ್ಣ ಮತ್ತು ಒಂದು ಗುಣಾಂಕ, ಈ ಮೂರರಿಂದಲೇ ನೆರೆಯ ಗರಿಷ್ಠ ಹರಿವನ್ನು ಲೆಕ್ಕ ಹಾಕಿದರು. ಇಂದಿಗೂ ರಸ್ತೆಯ ಮೋರಿಗಳನ್ನು ಆ ಸೂತ್ರದಿಂದಲೇ ವಿನ್ಯಾಸಗೊಳಿಸುವುದುಂಟು. 1932ರಲ್ಲಿ ಶರ್ಮನ್ ಅವರು, ನೀರು ಏರಿ ಇಳಿಯುವ ರೀತಿಯೂ ಲೆಕ್ಕಕ್ಕೆ ಸಿಗುವಂತೆ ಮಾಡಿದರು. ಕಂಪ್ಯೂಟರ್ ಬಂದ ಮೇಲೆ, 1966ರಲ್ಲಿ ಕ್ರಾಫರ್ಡ್ ಮತ್ತು ಲಿನ್ಸ್‌ಲಿ ಅವರ ಸ್ಟ್ಯಾನ್‌ಫರ್ಡ್ ಮಾದರಿಯು ನೆಲದ ಮೇಲಿನ ತೇವ, ಮಣ್ಣಿನ ತೇವ ಮತ್ತು ಅಂತರ್ಜಲಗಳನ್ನು ಬೇರೆ ಬೇರೆ ತೊಟ್ಟಿಗಳಂತೆ ಭಾವಿಸಿ, ಒಂದರಿಂದ ಇನ್ನೊಂದಕ್ಕೆ ಇಳಿಯುವ ನೀರಿನ ಲೆಕ್ಕವನ್ನು ಇಟ್ಟಿತು. ಮೂರು ವರ್ಷಗಳ ಬಳಿಕ ಫ್ರೀಜ್ ಮತ್ತು ಹಾರ್ಲನ್ ಎಂಬ ವಿಜ್ಞಾನಿಗಳು ತೊಟ್ಟಿಗಳನ್ನೇ ಬಿಟ್ಟು, ಜಲಾನಯನದ ಪ್ರತಿಯೊಂದು ಬಿಂದುವಿನಲ್ಲಿಯೂ ಭೌತವಿಜ್ಞಾನದ ಸಮೀಕರಣಗಳನ್ನು ಬಿಡಿಸುವ ನಕ್ಷೆಯನ್ನು ಮುಂದಿಟ್ಟರು. 1986ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಡೆನ್ಮಾರ್ಕಿನವರು ಕೂಡಿ ಪ್ರಕಟಿಸಿದ ಮಾದರಿಯಲ್ಲಿ ಆ ಕನಸು ಬಹುಮಟ್ಟಿಗೆ ರೂಪುಗೊಂಡಿತು. ಅಮೆರಿಕದ ಕೃಷಿ ಇಲಾಖೆಯಲ್ಲಿ ಹುಟ್ಟಿದ ಸ್ವಾಟ್ ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಈ ಬೆಳವಣಿಗೆಗೆ ಕಂಪ್ಯೂಟರಿನ ಶಕ್ತಿ ಒಂದು ಕಾರಣ; ಎತ್ತರ ತಗ್ಗುಗಳನ್ನೂ ಬೆಳೆಗಳನ್ನೂ ಉಪಗ್ರಹಗಳು ಅಳೆದುಕೊಟ್ಟದ್ದು ಇನ್ನೊಂದು. ಆದರೆ ನಿಜವಾದ ಸಮರ್ಥನೆಯೆಂದರೆ ಪ್ರಶ್ನೆಗಳೇ ಬದಲಾದವು. ಹತ್ತಿ ಬೆಳೆಯುತ್ತಿದ್ದಲ್ಲಿ ಕಬ್ಬು ಬಂದರೆ ಏನಾಗುತ್ತದೆ, ಹುಬ್ಬಳ್ಳಿಯ ಹೊರವಲಯವೆಲ್ಲ ಕಾಂಕ್ರೀಟ್ ಆದರೆ ಹಳ್ಳಕ್ಕೆ ಎಷ್ಟು ನೀರು ಹೆಚ್ಚು ಬರುತ್ತದೆ ಎಂದು ಕೇಳಿದರೆ ಸ್ಟ್ರೇಂಜ್ ಕೋಷ್ಟಕ ಸುಮ್ಮನಾಗುತ್ತದೆ, ಏಕೆಂದರೆ ಅದು ಆಗಿನ ನೆಲದ ನಡವಳಿಕೆಯನ್ನು ದಾಖಲಿಸಿದೆಯೇ ಹೊರತು ಆ ನಡವಳಿಕೆಯ ಕಾರಣವನ್ನಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಸ್ವಾಟ್ ಮಾದರಿಯು ಜಲಾನಯನವನ್ನು ಉಪಜಲಾನಯನಗಳಾಗಿ, ಅವುಗಳನ್ನು ಮತ್ತೆ ಮಣ್ಣು, ಭೂಬಳಕೆ ಮತ್ತು ಇಳಿಜಾರಿನ ಪ್ರಕಾರ ತುಂಡುಗಳಾಗಿ ಒಡೆಯುತ್ತದೆ. ನೀವು 10 ಉಪಜಲಾನಯನ, 3 ಬಗೆಯ ಮಣ್ಣು, 4 ಬಗೆಯ ಭೂಬಳಕೆ, 2 ಬಗೆಯ ಇಳಿಜಾರು ಎಂದು ಇಟ್ಟುಕೊಂಡರೆ ತುಂಡುಗಳು 240ರವರೆಗೂ ಆಗಬಹುದು. ಒಂದೊಂದಕ್ಕೂ 20 ನಿಯತಾಂಕಗಳು, ಅಂದರೆ ಆ ತುಂಡಿನ ಗುಣವನ್ನು ಮಾದರಿಗೆ ತಿಳಿಸುವ ಅಂಕಿಗಳು, ಬೇಕೆಂದರೆ 4800 ಸಂಖ್ಯೆಗಳಾದವು. ಇವನ್ನೆಲ್ಲ ಸರಿಪಡಿಸಿಕೊಳ್ಳಲು ನಿಮ್ಮ ಕೈಯಲ್ಲಿರುವುದು ಸಾಮಾನ್ಯವಾಗಿ ಕೆಳಗಿನ ಒಂದೇ ಜಾಗದಲ್ಲಿ ಅಳೆದ ಹರಿವು. ಬೆಣ್ಣಿಹಳ್ಳದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇರುವುದು ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ, ಮಲಪ್ರಭಾ ನದಿಯ ಮೇಲೆ. ಅಲ್ಲಿ ಅಳೆಯುವ ನೀರಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟದ್ದೂ ಬೆಣ್ಣಿಹಳ್ಳದಿಂದ ಬಂದದ್ದೂ ಬೆರೆತಿರುತ್ತವೆ.

ಇದರಿಂದ ಆಗುವ ಅನಾಹುತವನ್ನು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ವರ್ಷ 70 ಸೆಂ.ಮೀ. ಮಳೆಯಾಗಿ, 10 ಸೆಂ.ಮೀ.ನಷ್ಟು ನೀರು ಹಳ್ಳದಲ್ಲಿ ಹರಿದು ಹೋಯಿತೆನ್ನೋಣ. ಉಳಿದ 60 ಸೆಂ.ಮೀ.ನಲ್ಲಿ 55 ಆವಿಯಾಗಿ 5 ಅಂತರ್ಜಲ ಸೇರಿತೆಂದು ಒಂದು ಮಾದರಿ ಹೇಳುತ್ತದೆ. 48 ಆವಿಯಾಗಿ 12 ಸೇರಿತೆಂದು ಇನ್ನೊಂದು ಹೇಳುತ್ತದೆ. ಹಳ್ಳದಲ್ಲಿ ಅಳೆದ ಹರಿವಿಗೆ ಎರಡೂ ಅಚ್ಚುಕಟ್ಟಾಗಿ ಹೊಂದುತ್ತವೆ. ಆದರೆ ವ್ಯತ್ಯಾಸದ ಆ 7 ಸೆಂ.ಮೀ. ಎಂದರೆ ಎಕರೆಗೆ ಸುಮಾರು 2.8 ಲಕ್ಷ ಲೀಟರ್ ನೀರು. ಕೊಳವೆಬಾವಿಯನ್ನು ನಂಬಿ ಬಿತ್ತುವ ಕುಟುಂಬಕ್ಕೆ ಅದು ಸಣ್ಣ ಮಾತಲ್ಲ. ಹೀಗೆ ಬೇರೆ ಬೇರೆ ನಿಯತಾಂಕಗಳ ಕೂಟಗಳು ಒಂದೇ ಫಲವನ್ನು ಕೊಡುವುದನ್ನು ಬ್ರಿಟನ್ನಿನ ಕೀತ್ ಬೆವನ್ ಅವರು 1990ರ ದಶಕದ ಆರಂಭದಿಂದಲೂ ಒತ್ತಿ ಹೇಳುತ್ತ ಬಂದಿದ್ದಾರೆ. ನಾವು ಅದನ್ನು ಸಮಫಲತೆ ಎನ್ನಬಹುದು. 1993ರಲ್ಲಿ ಜೇಕ್‌ಮನ್ ಮತ್ತು ಹಾರ್ನ್‌ಬರ್ಗರ್ ಅವರು, ಮಳೆ ಮತ್ತು ಹರಿವಿನ ದಾಖಲೆಗಳಷ್ಟೇ ಇದ್ದಾಗ ಅವು ಬೆರಳೆಣಿಕೆಯ ನಿಯತಾಂಕಗಳನ್ನು ಮಾತ್ರ ನಿರ್ಧರಿಸಬಲ್ಲವೆಂದು ತೋರಿಸಿದರು. 2001ರಲ್ಲಿ ಫ್ರಾನ್ಸಿನ ಪೆರ್ರಾಂ ಮತ್ತು ಸಂಗಡಿಗರು 19 ಮಾದರಿಗಳನ್ನು 429 ಜಲಾನಯನಗಳ ಮೇಲೆ ಪರೀಕ್ಷಿಸಿದಾಗ, ಹೆಚ್ಚು ನಿಯತಾಂಕಗಳಿದ್ದ ಮಾದರಿಗಳು ಆ ಅಂಕಿಗಳನ್ನು ಹೊಂದಿಸಿಕೊಂಡ ವರ್ಷಗಳಲ್ಲಿ ಮುಂದಿದ್ದವು. ಹೊಂದಿಸುವಾಗ ಬಳಸದ ವರ್ಷಗಳಲ್ಲಿ ಆ ಮುನ್ನಡೆ ಉಳಿಯಲಿಲ್ಲ.

ಇನ್ನೊಂದು ಸಂಗತಿಯನ್ನು ಬಹಳ ವಿದ್ಯಾರ್ಥಿಗಳು ಗಮನಿಸುವುದಿಲ್ಲ. ಸ್ವಾಟ್‌ನಲ್ಲಿ ಮಳೆಯನ್ನು ಹರಿನೀರಾಗಿ ಪರಿವರ್ತಿಸಲು ಹೆಚ್ಚಾಗಿ ಬಳಸುವುದು 1950ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ ಕರ್ವ್ ನಂಬರ್ ವಿಧಾನ. ಅಂದರೆ ಆ ದೊಡ್ಡ ಮಾದರಿಯ ಒಡಲಲ್ಲಿರುವುದೂ ಮಣ್ಣಿನ ಬಗೆ, ಬೆಳೆ ಮತ್ತು ನೆಲದ ಹಸಿಯನ್ನು ನೋಡಿ ಒಂದು ಅಂಕಿ ಕೊಡುವ ಕೋಷ್ಟಕವೇ. ಆ ಒಂದು ಅಂಕಿ 88 ಇದ್ದರೆ 75 ಮಿ.ಮೀ. ಮಳೆಯಲ್ಲಿ ಸುಮಾರು 45 ಮಿ.ಮೀ. ಹರಿಯುತ್ತದೆ, 78 ಎಂದು ಹಿಡಿದರೆ 28 ಮಿ.ಮೀ. ಮಾತ್ರ. ನಮ್ಮ ಎರೆ ಭೂಮಿಗೆ ಯಾವುದನ್ನು ಹಿಡಿಯಬೇಕು? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟ ಹೊಲ ಮುಂಗಾರಿನ ಮೊದಲ ಮಳೆಗಳನ್ನು ಸದ್ದಿಲ್ಲದೆ ನುಂಗುತ್ತದೆ; ಒಮ್ಮೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಅದೇ ಹೊಲದ ಮೇಲೆ ನೀರು ನಿಂತು ಹರಿಯುತ್ತದೆ. ನವಲಗುಂದದ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಮಾದರಿಗೆ ಕಲಿಸಬೇಕು. ನನ್ನ ದೃಷ್ಟಿಯಲ್ಲಿ ಇಲ್ಲಿ ಸೇರಿಸಲು ಯೋಗ್ಯವಾದ ಜಟಿಲತೆಯೆಂದರೆ ಈ ಬಿರುಕಿನ ವರ್ತನೆ, ಏಕೆಂದರೆ ಅದು ನಮ್ಮ ನೆಲದಲ್ಲಿ ಕಣ್ಣಿಗೆ ಕಾಣುತ್ತದೆ ಮತ್ತು ಅಳೆಯಲು ಬರುತ್ತದೆ.

ನಾನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಅಳೆದ ಹರಿವಿಗೂ ಲೆಕ್ಕದ ಹರಿವಿಗೂ ಕೂದಲೆಳೆಯ ಅಂತರವೂ ಇಲ್ಲದ ನಕ್ಷೆಯನ್ನು ತಂದು ತೋರಿಸಿದ. ನಾನೂ ಮೆಚ್ಚಿ ಒಪ್ಪಿಗೆ ಕೊಟ್ಟೆ. ತಿಂಗಳುಗಳ ನಂತರ ಇನ್ನೊಬ್ಬ ವಿದ್ಯಾರ್ಥಿ ಆ ಕಡತವನ್ನು ತೆರೆದು ನೋಡಿದಾಗ, ಬೆಳೆಯೇ ಇಲ್ಲದ ಏಪ್ರಿಲ್ ತಿಂಗಳಲ್ಲಿ ಆ ಮಾದರಿ ಮುಂಗಾರಿನ ಹೊಲದಷ್ಟೇ ನೀರನ್ನು ಆವಿ ಮಾಡುತ್ತಿರುವುದು ಕಂಡುಬಂತು. ಹರಿವು ಸರಿಯಾಗಿದ್ದುದರಿಂದ ಒಳಗಿನ ಲೆಕ್ಕವನ್ನು ನಾನು ನೋಡಿರಲಿಲ್ಲ. ಆ ತಪ್ಪು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಆದ್ದರಿಂದ ನೀವು ಮಾರ್ಗದರ್ಶಕರ ಮಾತನ್ನು ಮೀರುವುದು ಬೇಡ, ಸ್ವಾಟ್ ಬಳಸಿರಿ. ಜೊತೆಗೆ ನಾಲ್ಕೇ ನಿಯತಾಂಕಗಳ ಒಂದು ಸರಳ ಮಾದರಿಯನ್ನೂ ಅದೇ ದಾಖಲೆಗಳ ಮೇಲೆ ನಡೆಸಿರಿ. 2019ರ ನೆರೆಯ ವರ್ಷದಂಥ ತೊಯ್ದ ವರ್ಷಗಳ ಮೇಲೆ ಎರಡನ್ನೂ ಹೊಂದಿಸಿ, 2023ರ ಬರದ ವರ್ಷದ ಮೇಲೆ ಪರೀಕ್ಷಿಸಿರಿ. ತೊಯ್ದ ವರ್ಷಗಳಲ್ಲಿ ಕಲಿತದ್ದು ಒಣ ವರ್ಷಗಳಲ್ಲಿ ನಿಲ್ಲುತ್ತದೆಯೇ ಎಂದು ನೋಡುವ ಈ ಕಟ್ಟುನಿಟ್ಟಿನ ಪರೀಕ್ಷೆಯನ್ನು 1986ರಲ್ಲಿಯೇ ಕ್ಲೆಮೆಶ್ ಅವರು ಒತ್ತಾಯಿಸಿದ್ದರು. ಹರಿವಿನ ಜೊತೆಗೆ ಬಾವಿಗಳ ನೀರಿನ ಮಟ್ಟವನ್ನೂ ಉಪಗ್ರಹದಿಂದ ದೊರೆತ ಆವಿಯ ಅಂದಾಜನ್ನೂ ಮಾದರಿಯ ಮುಂದಿಟ್ಟು ತಾಳೆ ನೋಡಿರಿ. ದೊಡ್ಡ ಮಾದರಿ ಅಲ್ಲಿಯೂ ಗೆದ್ದರೆ ಅದರ ಜಟಿಲತೆಗೆ ಅರ್ಥವಿದೆ.

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನಲ್ಲಿ ಹಳ್ಳದ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ಮನೆ ಬಿಟ್ಟು ಹೊರಡಬೇಕಾಯಿತು. ಇಷ್ಟೆಲ್ಲ ಕಂಪ್ಯೂಟರ್ ಮಾದರಿಗಳಿದ್ದರೂ ಹಳ್ಳ ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂದು ನಮಗೆ ಮುಂಚೆ ಹೇಳಲು ಏಕೆ ಆಗುವುದಿಲ್ಲ?
ರೈತರೊಬ್ಬರು, ರೋಣ ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ನೋವು ನ್ಯಾಯವಾದದ್ದು. ಬೆಣ್ಣಿಹಳ್ಳಕ್ಕೆ ನೀರು ಬರುವುದು ಶಿಗ್ಗಾವಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ಕಡೆಯಿಂದ. ತುಪ್ಪರಿಹಳ್ಳವೂ ಅದನ್ನು ಕೂಡುತ್ತದೆ. ನಿಮ್ಮ ಊರಿನಲ್ಲಿ ಹನಿ ಬೀಳದಿದ್ದರೂ ಹಳ್ಳ ತುಂಬಿ ಬರುವುದು ಇದೇ ಕಾರಣದಿಂದ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿರುವುದರಿಂದ ಮಳೆಯ ಸುದ್ದಿ ಈಗ ಬೇಗ ಸಿಗುತ್ತದೆ. ಆದರೆ ಮಳೆಯ ಸುದ್ದಿಯೇ ಬೇರೆ, ಹಳ್ಳದ ಸುದ್ದಿಯೇ ಬೇರೆ. ಪಾತ್ರದಲ್ಲಿ ಹೂಳು ತುಂಬಿ ಜಾಲಿ ಬೆಳೆದಿದ್ದರೆ, ಹಿಂದೆ ದಡದೊಳಗೇ ಹರಿದ ನೀರು ಈಗ ಹೊಲಕ್ಕೆ ನುಗ್ಗುತ್ತದೆ. ಮುಂದೆ ಮಲಪ್ರಭಾ ತುಂಬಿದ್ದರೆ ಹಳ್ಳದ ನೀರಿಗೆ ಹೋಗಲು ಜಾಗವಿಲ್ಲದೆ ಹಿಂದಕ್ಕೆ ಒತ್ತುತ್ತದೆ. ಅಣೆಕಟ್ಟೆಯಿಂದ ನೀರು ಬಿಡುವ ಹೊತ್ತಿಗೇ ಹಳ್ಳವೂ ಬಂದರೆ ದಂಡೆಯ ಊರುಗಳು ಎರಡರ ನಡುವೆ ಸಿಕ್ಕಿಬೀಳುತ್ತವೆ. ಪಾತ್ರದ ಇಂದಿನ ಅಗಲ ಆಳಗಳನ್ನು ಅಳೆದು ಕೊಡದಿದ್ದರೆ ಎಂಥ ಮಾದರಿಯೂ ಇದನ್ನು ಹೇಳಲಾರದು.

ದೊಡ್ಡ ನೆರೆಯ ಅಳತೆಗೇ ಒಂದು ಮಿತಿಯಿದೆ ಎಂಬುದನ್ನೂ ತಾವು ತಿಳಿಯಬೇಕು. ನೀರಿನ ಎತ್ತರವನ್ನು ಓದುವುದು ಸುಲಭ, ಎಷ್ಟು ನೀರು ಹರಿಯಿತೆಂದು ಅಳೆಯುವುದು ಕಷ್ಟ. ಹರಿವು ಶಾಂತವಾಗಿದ್ದಾಗ ವೇಗವನ್ನು ಅಳೆದು ಎತ್ತರಕ್ಕೂ ಹರಿವಿಗೂ ಸಂಬಂಧ ಕಟ್ಟಿರುತ್ತಾರೆ. ಸೇತುವೆಯನ್ನೇ ಮುಳುಗಿಸುವ ನೆರೆಯಲ್ಲಿ ಯಾರೂ ಇಳಿದು ಅಳೆಯಲಾರದ್ದರಿಂದ ಅದೇ ಸಂಬಂಧವನ್ನು ಮುಂದಕ್ಕೆ ಎಳೆದು ಅಂದಾಜು ಮಾಡುತ್ತಾರೆ. ಅಂಥ ಅಂದಾಜಿಗೆ ಹೊಂದಿಸಿದ ಮಾದರಿ ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಬುಡದಲ್ಲಿ ಅನುಮಾನ ಉಳಿಯುತ್ತದೆ.

ಆದರೆ ಮುನ್ನೆಚ್ಚರಿಕೆಗೆ ಜಟಿಲ ಮಾದರಿಯೇ ಬೇಕೆಂದಿಲ್ಲ. ಮೇಲಿನ ಊರಿನಲ್ಲಿ ನೀರು ಇಷ್ಟು ಎತ್ತರ ಬಂದರೆ ಕೆಳಗಿನ ಊರಿಗೆ ಇಷ್ಟು ತಾಸಿನಲ್ಲಿ ಇಷ್ಟು ಬರುತ್ತದೆ ಎಂಬ ಸರಳ ಸಂಬಂಧವನ್ನು ಕೇಂದ್ರ ಜಲ ಆಯೋಗವೂ ದೊಡ್ಡ ನದಿಗಳ ಮುನ್ಸೂಚನೆಗೆ ಬಹುಕಾಲದಿಂದ ಬಳಸಿದೆ. ಹಳ್ಳದ ಪ್ರತಿಯೊಂದು ಸೇತುವೆಯ ಕಂಬಕ್ಕೆ ಅಡಿ ಅಂಗುಲಗಳ ಗುರುತು ಬಳಿದು, ಮಳೆಗಾಲದಲ್ಲಿ ತಾಸಿಗೊಮ್ಮೆ ಓದಿ ಕೆಳಗಿನ ಊರುಗಳಿಗೆ ಫೋನ್ ಮಾಡುವ ವ್ಯವಸ್ಥೆಯಿದ್ದರೆ ಕೆಲವೇ ಮಳೆಗಾಲಗಳಲ್ಲಿ ಆ ಸಂಬಂಧ ತಯಾರಾಗುತ್ತದೆ. ನಿಮ್ಮ ಊರಿನ ಹಿರಿಯರ ನೆನಪಿನಲ್ಲಿ ನೀರು ಯಾವ ಯಾವ ಗುಡಿಯ ಮೆಟ್ಟಿಲವರೆಗೆ ಬಂದಿತ್ತೆಂಬುದು ಇರುತ್ತದೆ. ಅದನ್ನು ವರ್ಷದೊಡನೆ ಗೋಡೆಯ ಮೇಲೆ ಬರೆಯಿಸಿ ಇಡಿರಿ. ಮುಂದೆ ಯಾವ ಮಾದರಿಯವರು ಬಂದರೂ ಅವರಿಗೆ ಅದಕ್ಕಿಂತ ಬೆಲೆಯುಳ್ಳ ದಾಖಲೆ ಸಿಗಲಾರದು.

ಪ್ರಶ್ನೆ: ನಮ್ಮೂರ ಕೆರೆಯ ಹೂಳು ತೆಗೆಸಲು ಸಮಿತಿ ಮಾಡಿಕೊಂಡಿದ್ದೇವೆ. ಖಾಸಗಿ ಸಲಹೆಗಾರರು ಬಣ್ಣಬಣ್ಣದ ನಕ್ಷೆಗಳಿರುವ ದೊಡ್ಡ ಮಾದರಿ ಮಾಡಿಕೊಡುವುದಾಗಿ ಹೇಳುತ್ತಾರೆ, ಅದಕ್ಕೆ ಹಣ ಬಹಳ. ಕೆರೆಗೆ ಎಷ್ಟು ನೀರು ಬರುತ್ತದೆಂದು ತಿಳಿಯಲು ಅದು ಅಗತ್ಯವೇ?
ನಿವೃತ್ತ ಶಿಕ್ಷಕರೊಬ್ಬರು, ಲಕ್ಷ್ಮೇಶ್ವರ

ಉತ್ತರ: ಅಗತ್ಯವಿಲ್ಲ, ಗುರುಗಳೇ. ಪಶ್ಚಿಮ ಭಾರತದ ಜಲಾನಯನಗಳಿಗಾಗಿ ಇಂಗ್ಲಿಸ್ ಮತ್ತು ಡಿಸೋಜಾ ಅವರು 1929ರಲ್ಲಿ ಕೊಟ್ಟ ಸೂತ್ರ ನಿಮ್ಮ ಮೊದಲ ಅಂದಾಜಿಗೆ ಸಾಕು. ದಖ್ಖನ್ ಬಯಲಿಗೆ ಅದು ಹೀಗಿದೆ: ವರ್ಷದ ಮಳೆಯನ್ನು ಸೆಂ.ಮೀ.ನಲ್ಲಿ ಬರೆದು, ಅದರಿಂದ 17.8 ಕಳೆದು, ಬಂದದ್ದನ್ನು ಮತ್ತೆ ಮಳೆಯಿಂದ ಗುಣಿಸಿ, 254ರಿಂದ ಭಾಗಿಸಬೇಕು. ಮಳೆ 60 ಸೆಂ.ಮೀ. ಆದರೆ ಹರಿವು 10 ಸೆಂ.ಮೀ.; ಮಳೆ 45 ಆದರೆ ಹರಿವು 4.8 ಮಾತ್ರ. ಮಳೆ ಕಾಲುಭಾಗ ಕಡಿಮೆಯಾದರೆ ಕೆರೆಗೆ ಬರುವ ನೀರು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ ಎಂಬುದನ್ನು ಸಮಿತಿಯವರೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕು. ಕೆರೆಗೆ ನೀರು ಹರಿದು ಬರುವ ಪ್ರದೇಶ 5 ಚದರ ಕಿ.ಮೀ. ಇದ್ದರೆ, ಮೊದಲನೆಯ ವರ್ಷ 5 ಲಕ್ಷ ಘನ ಮೀಟರ್, ಎರಡನೆಯ ವರ್ಷ 2.4 ಲಕ್ಷ ಘನ ಮೀಟರ್ ಬರುತ್ತದೆ.

ಈ ಸೂತ್ರಕ್ಕೆ ಗೊತ್ತಿಲ್ಲದ ಒಂದು ವಿಷಯವಿದೆ, ಅದನ್ನು ನೀವೇ ನಡೆದು ನೋಡಬೇಕು. 1929ರಲ್ಲಿ ಕೆರೆಯ ಮೇಲಿನ ಹೊಲಗಳಲ್ಲಿ ಕೃಷಿಹೊಂಡಗಳಿರಲಿಲ್ಲ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡದಲ್ಲಿ, ಇಳಿಜಾರು ಅಂಚುಗಳನ್ನು ಕಳೆದರೆ, ಸುಮಾರು 1000 ಘನ ಮೀಟರ್ ನೀರು ನಿಲ್ಲುತ್ತದೆ. ಅಂಥವು 100 ಇದ್ದರೆ ಒಮ್ಮೆ ತುಂಬುವಷ್ಟರಲ್ಲಿಯೇ 1 ಲಕ್ಷ ಘನ ಮೀಟರ್ ಆಯಿತು. ಮಳೆ ಕಡಿಮೆಯಾದ ವರ್ಷದಲ್ಲಿ ಅದು ಕೆರೆಗೆ ಬರಬೇಕಾದ ನೀರಿನ ಐದರಲ್ಲಿ ಎರಡು ಪಾಲು. ಇದರಲ್ಲಿ ರೈತರ ತಪ್ಪೇನೂ ಇಲ್ಲ, ಆ ನೀರು ಅವರ ಬೆಳೆಯನ್ನೇ ಉಳಿಸುತ್ತದೆ. ಆದರೆ ಕೆರೆಯನ್ನು ಎಷ್ಟು ಆಳಕ್ಕೆ ತೋಡಬೇಕೆಂಬುದನ್ನು ಹೊಂಡಗಳನ್ನೂ ಒಡ್ಡುಗಳನ್ನೂ ಎಣಿಸಿದ ಮೇಲೆಯೇ ತೀರ್ಮಾನಿಸಿರಿ. ಉಳಿದ ಹಣದಲ್ಲಿ ಕೋಡಿಯ ಬಳಿ ಒಂದು ಅಳತೆಗೋಲನ್ನೂ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನೂ ನಿಲ್ಲಿಸಿ, ಮಕ್ಕಳಿಂದ ದಿನವೂ ಬರೆಯಿಸಿರಿ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಸಮೀಕರಣಗಳೆಲ್ಲ ಬೇಕೇ?
ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: 2019ರಲ್ಲಿ ಕ್ರಾಟ್ಸರ್ಟ್ ಮತ್ತು ಸಂಗಡಿಗರು ಅಮೆರಿಕದ ನೂರಾರು ಜಲಾನಯನಗಳ ದಾಖಲೆಗಳನ್ನು ಒಂದೇ ನರಜಾಲಕ್ಕೆ (ದಾಖಲೆಗಳಿಂದ ತಾನೇ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗೆ) ಕಲಿಸಿದಾಗ, ಒಂದೊಂದು ಜಲಾನಯನಕ್ಕೂ ಪ್ರತ್ಯೇಕವಾಗಿ ಹೊಂದಿಸಿದ ಹಳೆಯ ಮಾದರಿಗಳಿಗಿಂತ ಅದು ಒಟ್ಟಾರೆ ಉತ್ತಮವಾಗಿ ಹರಿವನ್ನು ಹೇಳಿತು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಏಕೆಂದರೆ ನಾವು ಬರೆದ ಸಮೀಕರಣಗಳು ಹಿಡಿಯದ ಮಾಹಿತಿ ದಾಖಲೆಗಳಲ್ಲಿ ಇನ್ನೂ ಉಳಿದಿತ್ತೆಂದು ಅದರಿಂದ ತಿಳಿಯಿತು. ಆದರೆ ಆ ಜಾಲ ಕಲಿತದ್ದು ವರ್ಷಗಟ್ಟಲೆ ದಿನವೂ ಅಳೆದ ಹರಿವಿನಿಂದ. ಅಳೆಯದ ಹಳ್ಳದ ಬಗ್ಗೆ ಅದು ಬೇರೆ ಹಳ್ಳಗಳನ್ನು ನೋಡಿ ಊಹಿಸಬಲ್ಲದು. ಎರೆ ಭೂಮಿಯ ಹಳ್ಳಗಳನ್ನೇ ಅದು ಕಂಡಿಲ್ಲವಾದರೆ ಆ ಊಹೆಯನ್ನು ನಾವು ನೆಚ್ಚುವಂತಿಲ್ಲ. ನಿಮಗೆ ಈ ವಿಷಯದಲ್ಲಿ ಆಸಕ್ತಿಯಿದ್ದರೆ ಗಣಕ ವಿಜ್ಞಾನದ ಜೊತೆಗೆ ಒಂದು ಮಳೆಗಾಲವನ್ನು ಹಳ್ಳದ ದಂಡೆಯಲ್ಲಿ ಕಳೆಯಿರಿ. ಧಾರವಾಡವೇ ಅದಕ್ಕೆ ಒಳ್ಳೆಯ ಜಾಗ: ಶಾಲ್ಮಲೆಯ ಕಡೆಗೆ ಬಿದ್ದ ಮಳೆ ಬೇಡ್ತಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ, ಆಚೆಯ ಮಗ್ಗುಲಿನ ಹಳ್ಳಗಳಿಗೆ ಬಿದ್ದದ್ದು ಮಲಪ್ರಭಾ, ಕೃಷ್ಣಾ ನದಿಗಳನ್ನು ಸೇರಿ ಬಂಗಾಳ ಕೊಲ್ಲಿಗೆ. ಒಂದೇ ಊರಿನ ಸುತ್ತ ಎರಡು ಬಗೆಯ ನೀರಿನ ದಾರಿಗಳನ್ನು ಸೈಕಲ್ಲಿನ ಮೇಲೆಯೇ ಹೋಗಿ ನೋಡಬಹುದು.

ಪ್ರಶ್ನೆ: ನಮ್ಮ ಭಾಗದ ಅಂತರ್ಜಲದ ಬಗ್ಗೆ ಎರಡು ವರದಿಗಳು ಕೈಗೆ ಬಂದಿವೆ. ಒಂದರಲ್ಲಿ ವರ್ಷಕ್ಕೆ 5 ಸೆಂ.ಮೀ. ನೀರು ಇಂಗುತ್ತದೆಂದಿದೆ, ಇನ್ನೊಂದರಲ್ಲಿ 12. ಎರಡೂ ಕಂಪ್ಯೂಟರ್ ಮಾದರಿಗಳೇ. ಯಾವುದನ್ನು ನಂಬಬೇಕು?
ಓದುಗರೊಬ್ಬರು, ಹಾವೇರಿ

ಉತ್ತರ: ಹುಬ್ಬಳ್ಳಿಯ ವಿದ್ಯಾರ್ಥಿಗೆ ಉದಾಹರಣೆಯಾಗಿ ಕೊಟ್ಟ ಅಂಕಿಗಳೇ ನಿಮ್ಮ ವರದಿಗಳಲ್ಲಿ ಇರುವುದನ್ನು ಕಂಡು ಬೇಸರವಾಯಿತು. ಎರಡೂ ವರದಿಗಳನ್ನು ಬದಿಗಿಟ್ಟು, ಊರಿನ ತೆರೆದ ಬಾವಿಗಳಲ್ಲಿ ಮೇ ತಿಂಗಳ ಕೊನೆಗೂ ನವೆಂಬರಿನಲ್ಲಿಯೂ ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ಅಳೆಯಿರಿ. ನಿಮ್ಮ ಭಾಗದ ಶಿಥಿಲ ಕಲ್ಲಿನಲ್ಲಿ ಜೇಡಿ ಹೆಚ್ಚಿದ್ದರೆ ಒಟ್ಟು ಗಾತ್ರದ ಶೇಕಡಾ 1.5ರಷ್ಟು, ಕಡಿಮೆಯಿದ್ದರೆ ಶೇಕಡಾ 3ರಷ್ಟು ನೀರು ಬಿಟ್ಟುಕೊಡುತ್ತದೆಂದು ಅಂತರ್ಜಲ ಅಂದಾಜಿನಲ್ಲಿ ಹಿಡಿಯುವುದು ವಾಡಿಕೆ. ಮಟ್ಟ 4 ಮೀಟರ್ ಏರಿದ್ದರೆ, ಮೊದಲನೆಯ ಲೆಕ್ಕದಲ್ಲಿ 6 ಸೆಂ.ಮೀ., ಎರಡನೆಯದರಲ್ಲಿ 12 ಸೆಂ.ಮೀ. ಇಂಗಿದಂತಾಯಿತು; ನಡುವೆ ಪಂಪು ಎತ್ತಿದ ನೀರನ್ನು ಅದಕ್ಕೆ ಕೂಡಿಸಬೇಕು. ಅಂದರೆ ನಿಮ್ಮ ಎರಡು ವರದಿಗಳ ಜಗಳ ಬಹುಮಟ್ಟಿಗೆ ಈ ಒಂದೇ ಅಂಕಿಯಲ್ಲಿ ಅಡಗಿರಬಹುದು. ವರದಿ ಬರೆದವರಿಗೆ ಪತ್ರ ಬರೆದು, ಆ ಅಂಕಿಯನ್ನು ನಿಮ್ಮ ಊರಿನ ಬಾವಿಯಲ್ಲಿ ಪಂಪು ಓಡಿಸಿ ಪರೀಕ್ಷಿಸಿದ್ದರೋ, ಅಥವಾ ಕೋಷ್ಟಕದಿಂದ ಎತ್ತಿಕೊಂಡಿದ್ದರೋ ಎಂದು ಕೇಳಿರಿ. ಬಾವಿಯ ಅಳತೆಗಳನ್ನು ನಮಗೂ ಕಳುಹಿಸಿದರೆ ಲೆಕ್ಕವನ್ನು ಕೂಡಿಯೇ ಮಾಡೋಣ.